ಜಾಲರಿಗೆ ಮಣೆ ಹಾಕಿದ ದಿನ

ಮ್ಯಾಲಿನಹಾಳ, ಕೃಷ್ಣೆಯ ಬಡಗಣ ದಂಡೆ
ಇಸವಿ ೨೧೮೭, ಫೆಬ್ರವರಿ ಮೂವತ್ತು

ಕಲ್ಯಾಣ ಮಂಟಪದ ಊಟದ ಮನೆಗೆ ನೆಲ ಹಾಕಿದವರಿಗೆ, ಮೇಸ್ತ್ರಿ ಕಸ್ತೂರೆವ್ವ ಮಾಡುವ ಶರಣು.

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳುಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ತಳ್ಳಿ ಅವಕ್ಕೆ ಬಿಡುವು ಎಂದು ಹೆಸರಿಟ್ಟಿದ್ದೇವೆ. ಆ ದಿನಗಳಲ್ಲಿ ಯಾರೂ ದುಡಿಯುವುದಿಲ್ಲ, ಒಲೆಯನ್ನೂ ತಡವಾಗಿ ಹಚ್ಚುತ್ತೇವೆ. ನನ್ನ ಮಾತಿನಲ್ಲಿ ನಿಮಗೆ ಗುರುತು ಹತ್ತದ ಪದಗಳು ಬಂದರೆ ಮನ್ನಿಸಿ. ನಿಮ್ಮ ಕಾಲದ ಬರಹಗಳನ್ನು ಓದಿ ಆದಷ್ಟು ಆ ದಾರಿಯಲ್ಲೇ ಬರೆಯಲು ನೋಡಿದ್ದೇನೆ. ಆದರೆ ನೂರೈವತ್ತು ವರ್ಷಗಳಲ್ಲಿ ಮಾತು ಸವೆಯುತ್ತದೆ, ಬೆಳೆಯುತ್ತದೆ, ಅದಕ್ಕೆ ನಾನೇನು ಮಾಡಲಿ.

ಮೊದಲು ಈ ಪತ್ರ ಏಕೆಂದು ಹೇಳಬೇಕು. ಹೊಸ ಕಬ್ಬಿಣ ನಮ್ಮ ಕಡೆ ಸೇತುವೆಗೆ ಮತ್ತು ರೈಲಿಗೆ ಮಾತ್ರ ಸಿಗುತ್ತದೆ. ಮನೆಗಳಿಗೆ ನಾವು ಬಳಸುವುದು ಬಿಚ್ಚುಗಂಬಿ. ಎಂದರೆ ನಿಮ್ಮ ಕಾಲದ ಪಾಳು ಕಟ್ಟಡಗಳನ್ನು ಒಡೆದು ಬಿಡಿಸಿ ತೆಗೆದ ಕಂಬಿ. ಯಾರ ಕಟ್ಟಡದ ಕಂಬಿ ಬಳಸಿದೆವೋ ಅವರಿಗೆ ಒಂದು ಪತ್ರ ಬರೆದು ಊರ ಚಾವಡಿಯಲ್ಲಿ ಓದಬೇಕೆಂಬುದು ನಮ್ಮಲ್ಲಿ ರೂಢಿ. ಪತ್ರ ನಿಮಗೆ ಮುಟ್ಟುವುದಿಲ್ಲವೆಂದು ನಮಗೆ ಗೊತ್ತಿಲ್ಲದೆ ಇಲ್ಲ. ಓದುವಾಗ ಹಿರಿಯರು ತಲೆಯ ಮೇಲೆ ಸೆರಗು ಹೊದೆಯುತ್ತಾರೆ, ಅಷ್ಟೇ ಸಾಕು ಅನಿಸುತ್ತದೆ.

ಈ ಸಲ ನಮಗೆ ಸಿಕ್ಕಿದ್ದು ನಿಮ್ಮ ಊಟದ ಮನೆಯ ನೆಲದೊಳಗಿನ ತಂತಿಯ ಜಾಲರಿ. ಬೇರೆ ಕಡೆಯ ನೆಲಗಳಲ್ಲಿ ಜಾಲರಿ ತಳದ ಮಣ್ಣಿಗೆ ಅಂಟಿಕೊಂಡು, ತುಕ್ಕು ತಿಂದು, ಎಳೆದರೆ ಹಪ್ಪಳದ ಹಾಗೆ ಮುರಿಯುತ್ತದೆ. ನಿಮ್ಮದು ಕಾಂಕ್ರೀಟಿನ ನಡುವಿನಿಂದ ಸ್ವಲ್ಪ ಮೇಲೆ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಎತ್ತರದಲ್ಲಿ ಕೂತಿತ್ತು. ಅದು ತಾನಾಗಿ ಅಲ್ಲಿ ಕೂರುವುದಿಲ್ಲ ಎಂದು ಈ ಕೆಲಸ ಬಲ್ಲ ನನಗೆ ಗೊತ್ತು. ಒದ್ದೆ ಕಾಂಕ್ರೀಟಿನ ಭಾರ, ಬುಟ್ಟಿ ಹೊತ್ತು ತಿರುಗುವವರ ಕಾಲು, ಎಲ್ಲವೂ ಅದನ್ನು ಕೆಳಕ್ಕೆ ತುಳಿಯುತ್ತಲೇ ಇರುತ್ತವೆ. ನಿಮ್ಮಲ್ಲಿ ಯಾರೋ ಬೆನ್ನು ಬಗ್ಗಿಸಿ ಅದನ್ನು ಎತ್ತುತ್ತಲೇ ಇದ್ದರು.

ಆ ಜಾಲರಿಯನ್ನು ನಾವು ಹೆರಿಗೆ ಮನೆಯ ನೆಲಕ್ಕೆ ಹಾಕಿದೆವು. ಹಾಕಿದ ದಿನ ನಡೆದದ್ದನ್ನು ನಿಮಗೆ ಹೇಳಬೇಕು.

ನಮ್ಮೂರದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಅದರ ಮೇಲೆ ನಿಂತದ್ದೆಲ್ಲ ಅದರ ಜೊತೆ ಏರಿಳಿಯುತ್ತದೆ. ಹಳೆಯ ಹೆರಿಗೆ ಮನೆಯ ನೆಲ ಉದ್ದಕ್ಕೆ ಸೀಳಿತ್ತು. ಎಷ್ಟು ತೊಳೆದರೂ ಆ ಸೀಳಿನೊಳಗಿನ ಹೊಲಸು ಹೋಗುತ್ತಿರಲಿಲ್ಲ. ಅಲ್ಲಿ ಹಡೆದ ನನ್ನ ತಂಗಿ ಮಹಾಂತವ್ವ ಬಾಣಂತಿ ಜ್ವರದಲ್ಲಿ ಹೋದಳು. ಅದಾದ ಮೇಲೆ ಸೂಲಗಿತ್ತಿ ಖಾಜಾಬಿ ಆ ಮನೆಗೆ ಬೀಗ ಹಾಕಿಸಿದಳು. ಆ ನೆಲವನ್ನು ಅಗೆದಾಗ ನಾನೇ ನೋಡಿದೆ. ಜಾಲರಿ ಹಾಸಿದ್ದರು, ಇಲ್ಲವೆಂದಲ್ಲ. ಆದರೆ ಅದು ಕಾಂಕ್ರೀಟಿನ ಕೆಳಗೆ, ಮಣ್ಣಿನ ಮೇಲೆ, ಹಾಸಿದ ಚಾಪೆಯ ಹಾಗೆ ಮಲಗಿತ್ತು. ನೆಲ ಬಿರಿಯುವಾಗ ಹಿಡಿದು ನಿಲ್ಲಿಸಬೇಕಾದ ಜಾಲರಿ ಕಾಂಕ್ರೀಟನ್ನು ಮುಟ್ಟಿಯೂ ಇರಲಿಲ್ಲ.

ಹೊಸ ನೆಲ ಹಾಕುವ ಹೊತ್ತಿಗೆ ನನ್ನ ಮಗಳು ನಿಂಬೆವ್ವ ದಿನ ತುಂಬಿದವಳು. ಚೊಚ್ಚಲು. ಜಾಲರಿ ಕಟ್ಟುವುದರಲ್ಲಿ ಅವಳ ಕೈ ನನ್ನ ಕೈಗಿಂತ ಚುರುಕು. ಬೇಡವೆಂದರೂ ಕೇಳದೆ, ಎಳ್ಳಮಾಸಿ ಕಳೆದ ಮೇಲೆ ವಾರವಿಡೀ ಗುದ್ದಲಿಪೂಜೆಯ ಜಾಗದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಜಾಲರಿಯ ಒಂದು ಹಾಳೆಯ ಅಂಚು ಇನ್ನೊಂದರ ಮೇಲೆ ಬರುವಂತೆ ಜೋಡಿಸಿ ಸಣ್ಣ ತಂತಿಯಿಂದ ಬಿಗಿದಳು. ಎರೆಮಣ್ಣು ತೆಗೆದು ಗರಸು ಎಂಬ ಸಣ್ಣ ಕಲ್ಲುಮಣ್ಣು ತುಂಬಿ, ಬಡಿದು ಗಟ್ಟಿ ಮಾಡಿ, ಅದರ ಮೇಲೆ ಜಾಲರಿಗೆ ಮಣೆ ಹಾಕಿದೆವು. ಮಣೆ ಎಂದರೆ ಜಾಲರಿಯನ್ನು ನೆಲದಿಂದ ಎತ್ತಿ ಹಿಡಿಯುವ ಸಣ್ಣ ಕಾಂಕ್ರೀಟು ತುಂಡು. ನಿಮ್ಮ ಕಾಲದಲ್ಲಿ ಅದಕ್ಕೆ ಕವರ್ ಬ್ಲಾಕ್ ಎನ್ನುತ್ತಿದ್ದಿರಂತೆ. ನಾವು ಬೀಗರಿಗೆ ಮಣೆ ಹಾಕುತ್ತೇವಲ್ಲ, ಹಾಗೆ.

ಕಾಂಕ್ರೀಟು ಸುರಿಯುವ ದಿನ ಬೆಳಕು ಹರಿಯುವ ಮೊದಲೇ ಊರು ಸೇರಿತು. ಒಂದು ನೆಲಕ್ಕೆ ಇಷ್ಟು ಜನವೇಕೆ ಎಂದು ನಿಮಗೆ ಅನಿಸಬಹುದು. ನಮ್ಮಲ್ಲಿ ಮುಚ್ಚುಹೊತ್ತು ಎಂಬುದಿದೆ. ಬಿಸಿಲು ಒಂದು ಮಟ್ಟ ದಾಟಿದರೆ ಚಾವಡಿಯ ಗಂಟೆ ಬಾರಿಸುತ್ತಾರೆ. ಆಮೇಲೆ ಇಳಿಹೊತ್ತಿನವರೆಗೆ ಯಾರೂ ಬಯಲಲ್ಲಿ ನಿಲ್ಲಬಾರದು, ನಿಂತರೆ ಮೈ ತಡೆಯುವುದಿಲ್ಲ. ಸುರಿಯಲು ಶುರು ಮಾಡಿದ ನೆಲವನ್ನು ಅರ್ಧಕ್ಕೆ ನಿಲ್ಲಿಸಿದರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಕೂಡುವುದಿಲ್ಲ, ಆ ಗೆರೆಯಲ್ಲೇ ಸೀಳುತ್ತದೆ. ಹಾಗಾಗಿ ಗಂಟೆಯ ಒಳಗೆ ಮುಗಿಸಬೇಕು. ಗಂಡಸರು ಹೆಂಗಸರೆನ್ನದೆ ಸಾಲು ನಿಂತು ಬುಟ್ಟಿ ದಾಟಿಸಿದೆವು. ನನ್ನ ಅಳಿಯ ರೇವಣಸಿದ್ದ ಕೊಕ್ಕೆ ಹಿಡಿದು ಮುಂದೆ ಮುಂದೆ ನಡೆದ. ಎಲ್ಲಿ ಕಾಲು ಬಿದ್ದು ಜಾಲರಿ ಕುಗ್ಗಿತೋ ಅಲ್ಲಿ ಅದನ್ನು ಕೊಕ್ಕೆಯಿಂದ ಮೇಲೆಳೆಯುವುದು ಅವನ ಕೆಲಸ. ಮಾತು ಕಡಿಮೆಯ ಹುಡುಗ. ನಡುನಡುವೆ ಮಾತ್ರ ಹೆಂಡತಿ ಕೂತ ಕಡೆ ತಿರುಗಿ ನೋಡುತ್ತಿದ್ದ. ಅವಳು ರೊಟ್ಟಿ ತಿನ್ನುತ್ತಾ, ನಿನ್ನ ಕೆಲಸ ನೋಡು ಎಂಬಂತೆ ಕೈ ಬೀಸುತ್ತಿದ್ದಳು.

ಮುಕ್ಕಾಲು ನೆಲ ಮುಗಿದಿತ್ತು. ನಿಂಬೆವ್ವ ಸ್ಟೂಲಿನಿಂದ ಎದ್ದು ಮೂಡಣ ಮೂಲೆಯ ಹತ್ತಿರ ಬಗ್ಗಿ ನೋಡಿದಳು. ನಾವು ಆಗಲೇ ತುಂಬಿ ಮಟ್ಟ ಮಾಡಿ ಬಂದಿದ್ದ ಮೂಲೆ ಅದು. ಅವಳು ಒಂದು ಸರಳು ತೆಗೆದುಕೊಂಡು ಕಾಂಕ್ರೀಟಿನೊಳಗೆ ಚುಚ್ಚಿದಳು. ಇನ್ನೊಂದು ಕಡೆ ಚುಚ್ಚಿದಳು. ಆಮೇಲೆ ನನ್ನನ್ನು ಕರೆದಳು.

"ಅವ್ವಾ, ಇಲ್ಲಿ ಜಾಳಗಿ ತಳಾ ಹಿಡದೈತಿ."

ನೀರಿನ ಪೀಪಾಯಿ ಆ ಮೂಲೆಯ ಪಕ್ಕದಲ್ಲೇ ಇತ್ತು. ಅದರ ತಳದಿಂದ ಹೊತ್ತಾರೆಯಿಂದ ನೀರು ಜಿನುಗಿ ಒಳಗಿನ ಗರಸು ಮೆತ್ತಗಾಗಿತ್ತು. ಮಣೆಗಳು ಅದರೊಳಗೆ ಹೂತು, ಜಾಲರಿಯೂ ಅವುಗಳ ಹಿಂದೆ ಇಳಿದಿತ್ತು. ಮೇಲಿನಿಂದ ನೋಡಿದರೆ ನುಣ್ಣಗೆ, ಚೆಂದಾಗಿ ಕಾಣುತ್ತಿತ್ತು. ಅಷ್ಟನ್ನೂ ಬಾಚಿ ತೆಗೆದು, ಜಾಲರಿ ಎತ್ತಿ, ಮಣೆಗಳ ಕೆಳಗೆ ಚಪ್ಪಡಿ ಕಲ್ಲು ಕೊಟ್ಟು, ಕಾಂಕ್ರೀಟು ಗಟ್ಟಿಯಾಗುವ ಮೊದಲೇ ಮತ್ತೆ ತುಂಬಬೇಕು. ಬೇರೆ ದಾರಿ ಇರಲಿಲ್ಲ. ಗಂಟೆಯ ಹೊತ್ತು ಹತ್ತಿರ ಬಂದಿತ್ತು. ಹೆರಿಗೆಯ ಮಂಚ ಆ ಮೂಲೆಯಲ್ಲೇ ಬರಬೇಕಿತ್ತು.

ಸಲಿಕೆ ತರಿಸಲು ನಾನು ತಿರುಗಿದೆ. ನಿಂಬೆವ್ವ ಸರಳು ಊರಿಕೊಂಡು ಬಗ್ಗಿದ ಹಾಗೇ ನಿಂತಿದ್ದಳು, ನೆಟ್ಟಗಾಗಲೂ ಇಲ್ಲ, ಕೂರಲೂ ಇಲ್ಲ. ಅವಳ ಸೀರೆ ಒದ್ದೆಯಾಗಿತ್ತು. ಖಾಜಾಬಿ ಸಾಲಿನಿಂದ ಬುಟ್ಟಿ ಇಳಿಸಿ ಬಂದು, ಅವಳ ಬೆನ್ನ ಮೇಲೆ ಕೈ ಇಟ್ಟು, ಪಕ್ಕದ ಸಾಮಾನಿನ ಶೆಡ್ಡನ್ನು ಕೂಡಲೇ ಖಾಲಿ ಮಾಡಿ ತೊಳೆಯಿರಿ ಎಂದಳು.

ಹಡೆಯುವಾಗ ಬೆನ್ನಿಗೆ ಒರಗಲು ಒಬ್ಬರನ್ನು ಹೆಂಗಸು ತಾನೇ ಆರಿಸಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ನಿಂಬೆವ್ವ ನನ್ನನ್ನು ಆರಿಸಿದ್ದಳು. ಐದನೇ ತಿಂಗಳಿನಿಂದ ಆ ಮಾತು ನನ್ನ ಎದೆಯಲ್ಲಿ ಬೆಚ್ಚಗೆ ಕೂತಿತ್ತು. ನಾನು ಸಲಿಕೆ ಕೆಳಗಿಟ್ಟು ಅವಳ ತೋಳು ಹಿಡಿದೆ. ಅವಳು ಮೊದಲ ನೋವು ದಾಟುವವರೆಗೆ ತುಟಿ ಕಚ್ಚಿ ನಿಂತು, ಆಮೇಲೆ ನನ್ನ ಕೈ ಬಿಡಿಸಿದಳು.

"ನೀ ಇಲ್ಲೇ ಇರವ್ವಾ. ಇದನ್ನ ಎತ್ತಸೂದು ನಿನಗಷ್ಟ ಗೊತ್ತು. ನನ್ನ ಬೆನ್ನಿಗೆ ಅವರು ಬರ್ತಾರ."

ಅವರು ಎನ್ನುತ್ತಾ ಗಂಡನ ಕಡೆ ಕಣ್ಣು ತೋರಿಸಿದಳು. ನಾನು ಒಲ್ಲೆನೆಂದೆ. ನೆಲ ಹೋದರೆ ಹೋಗಲಿ, ಮುಂದಿನ ವರ್ಷ ಹಾಕೋಣವೆಂದೆ. ಅವಳು ಮೂಲೆಯ ಕಡೆ ನೋಡಿ, ಚಿಗವ್ವನ ಹೆಸರು ಹೇಳಿದಳು, ಮಹಾಂತವ್ವನ ಹೆಸರು. ರೇವಣಸಿದ್ದ ಕೊಕ್ಕೆಯನ್ನು ನನ್ನ ಕೈಗೆ ಕೊಟ್ಟ. ಹೆಂಡತಿಯನ್ನು ಅಡ್ಡಲಾಗಿ ಎತ್ತಿಕೊಂಡು ಶೆಡ್ಡಿನ ಕಡೆ ನಡೆದ.

ನಾನು ಕೊಕ್ಕೆ ಹಿಡಿದೆ. ಎರಡು ಕಡೆಯಿಂದ ಬಾಚಿ ತೆಗೆಯಿಸಿದೆ. ಬೂದಿ ಬಣ್ಣದ ಆ ಗಂಜಿಯೊಳಗೆ ಮೊಣಕಾಲೂರಿ ತಡಕಿ, ಜಾಲರಿಯ ಕಣ್ಣಿಗೆ ಕೊಕ್ಕೆ ಸಿಕ್ಕಿಸಿ ಎಳೆದೆ. ಬರಲಿಲ್ಲ. ಗರಸಿನ ಕೆಸರು ಅದನ್ನು ಹಿಡಿದುಕೊಂಡಿತ್ತು. ಶೆಡ್ಡಿನಿಂದ ನಿಂಬೆವ್ವನ ದನಿ ಕೇಳಿತು, ಕೂಗಲ್ಲ, ಉಸಿರು ಕಟ್ಟಿ ಬಿಡುವ ಸದ್ದು. ಆ ಸದ್ದು ಬಂದಾಗಲೆಲ್ಲ ನನ್ನ ಕೈ ನಿಲ್ಲುತ್ತಿತ್ತು. ಪಕ್ಕದಲ್ಲಿದ್ದವರು ನನ್ನ ಜೊತೆ ನಿಂತು, ಅದು ದಾಟಿದ ಮೇಲೆ ನನ್ನ ಜೊತೆಯೇ ಎಳೆಯುತ್ತಿದ್ದರು. ಹೀಗೆ ಯಾರೂ ಮಾತಾಡಿಕೊಳ್ಳದೆಯೇ ಇಡೀ ಸಾಲು ಅವಳ ನೋವಿನ ಲೆಕ್ಕಕ್ಕೆ ಕೆಲಸ ಮಾಡತೊಡಗಿತು. ಅವಳು ಉಸಿರು ಹಿಡಿದರೆ ನಾವು ಹಿಡಿದೆವು, ಬಿಟ್ಟರೆ ಎಳೆದೆವು.

ಅಷ್ಟರಲ್ಲಿ ಮುಚ್ಚುಹೊತ್ತಿನ ಗಂಟೆ ಬಾರಿಸಿದರು. ಯಾರೂ ಕದಲಲಿಲ್ಲ. ಆದರೆ ಬಿಸಿಲು ಅದನ್ನು ಕೇಳಬೇಕಲ್ಲ. ಬೆನ್ನು ಸುಡುತ್ತಿತ್ತು, ಕಾಂಕ್ರೀಟಿನ ಮೇಲೆ ನೀರು ಆರಿ ಪೊರೆ ಕಟ್ಟುತ್ತಿತ್ತು. ಇನ್ನು ಆಗದು ಅನಿಸಿದಾಗ ನನ್ನ ತಲೆಯ ಮೇಲೆ ನೆರಳು ಬಿತ್ತು. ಓಣಿಯ ಮುದುಕಿಯರು ಮನೆಯೊಳಗಿಂದ ಕೌದಿಗಳನ್ನು ಹೊತ್ತು ತಂದು, ಮೂಲೆ ಮೂಲೆ ಹಿಡಿದು ಎತ್ತಿ ನಿಂತಿದ್ದರು. ಬಾಣಂತಿ ಕೌದಿ, ತೊಟ್ಟಿಲ ಕೌದಿ, ಎಷ್ಟೋ ಜನರ ಹಳೇ ಸೀರೆ ಸೇರಿಸಿ ಹೊಲಿದವು. ತೋಳು ಸೋತವರ ಜಾಗಕ್ಕೆ ಇನ್ನೊಬ್ಬರು ಬರುತ್ತಿದ್ದರು. ಆ ಬಣ್ಣಬಣ್ಣದ ನೆರಳಿನಲ್ಲಿ ಜಾಲರಿ ಕೊನೆಗೂ ಕೆಸರು ಬಿಟ್ಟು ಎದ್ದಿತು. ಚಪ್ಪಡಿ ಕೊಟ್ಟೆವು, ಮಣೆ ಇಟ್ಟೆವು, ಒಂದು ಕೈ ಜಾಲರಿ ಹಿಡಿದಿರುವಾಗಲೇ ಇನ್ನೊಂದು ಕೈ ತುಂಬಿತು. ಸಾಲಿನ ಮಿಕ್ಕವರು ಉಳಿದ ಕಾಲು ನೆಲವನ್ನೂ ಅಷ್ಟರಲ್ಲಿ ತುಂಬಿದ್ದರು. ತುಂಬಿದ್ದನ್ನು ಕೋಲಿನಿಂದ ಕುಕ್ಕಿ ಗಾಳಿ ಬಿಡಿಸಿದೆವು. ಮಟ್ಟಗೋಲು ಎಳೆಯುವಾಗ ಶೆಡ್ಡು ಸುಮ್ಮನಾಯಿತು.

ಕೌದಿ ಹಿಡಿದವರ ಕೈಗಳೂ ಅಲ್ಲಾಡಲಿಲ್ಲ. ಆಮೇಲೆ ಕೂಸು ಅತ್ತಿತು. ಚೆನ್ನಾಗಿ, ಸಿಟ್ಟಿನಿಂದ ಅತ್ತಿತು. ಮುದುಕಿಯರಲ್ಲಿ ಒಬ್ಬಳು ಅಳತೊಡಗಿದಳು, ಆದರೂ ಕೌದಿ ಬಿಡಲಿಲ್ಲ.

ನಾನು ಹಾಗೇ ಓಡಿದೆ. ಖಾಜಾಬಿ ಬಾಗಿಲಲ್ಲೇ ತಡೆದಳು.

"ಕೈ ತೊಳಕೋ ಕಸ್ತೂರಿ. ಸುಣ್ಣದ ಕೈಲೆ ಕೂಸಿನ್ನ ಮುಟ್ಟಬ್ಯಾಡ."

ಕಾಂಕ್ರೀಟಿಗೆ ನಾವು ಬೆರೆಸುವ, ಬಿಸಿಲುಭಟ್ಟಿಯಲ್ಲಿ ಸುಟ್ಟ ಸುಣ್ಣ ಬಹಳ ತೀಕ್ಷ್ಣ. ಹುಳಿನೀರಿನಿಂದ ತೊಳೆದೆ, ಮತ್ತೆ ತೊಳೆದೆ. ಬೆರಳಿನ ಸಂದಿಯ ಚರ್ಮ ಸುಲಿದಿತ್ತು, ಕಾಂಕ್ರೀಟಿನ ಬೂದಿ ಬಣ್ಣ ಹೋಗಲೇ ಇಲ್ಲ. ಕಡೆಗೆ ಖಾಜಾಬಿ ನನ್ನ ಎರಡೂ ಕೈಗೆ ಒಗೆದ ಬಟ್ಟೆ ಸುತ್ತಿ ಒಳಗೆ ಬಿಟ್ಟಳು. ನಿಂಬೆವ್ವ ಗಂಡನ ಎದೆಗೆ ಒರಗಿ ಕೂತಿದ್ದಳು. ಅವನ ತೋಳುಗಳ ತುಂಬ ಅವಳ ಉಗುರಿನ ಗುರುತು. ಕೂಸು ಹೆಣ್ಣು, ಅವಳ ಎದೆಯ ಮೇಲೆ ಮಲಗಿತ್ತು. ಹಡೆದು ಸುಸ್ತಾದ ಮಗಳು ಮಗುವನ್ನು ತೋರಿಸುತ್ತಾಳೆಂದು ನಾನು ಬಗ್ಗಿದೆ. ಅವಳು ಮೊದಲು ನನ್ನ ಮುಖ ನೋಡಿದಳು.

"ಮ್ಯಾಲ ಬಂತೇನವ್ವಾ?"

"ಬಂತವ್ವಾ," ಎಂದೆ. "ಎಲ್ಲಾ ಮ್ಯಾಲ ಬಂತು."

ಆಗ ಅವಳು ನೆಮ್ಮದಿಯಿಂದ ಕಣ್ಣು ಮುಚ್ಚಿಕೊಂಡಳು. ರೇವಣಸಿದ್ದ ಕೂಸನ್ನು ಎತ್ತಿ ನನ್ನ ಬಟ್ಟೆ ಸುತ್ತಿದ ಕೈಗಳ ಮೇಲೆ ಇಟ್ಟ. ಮೊಮ್ಮಗಳ ಮೈಯ ಬಿಸಿ ಆ ಬಟ್ಟೆಯ ಆಚೆಯಿಂದ ನನ್ನ ಸುಲಿದ ಕೈಗೆ ತಾಗಿತು. ಉರಿಯಿತು. ತೆಗೆಯಬೇಕೆನಿಸಲಿಲ್ಲ.

ಆ ನೆಲವನ್ನು ಒಂದು ತಿಂಗಳು ಒದ್ದೆ ಗೋಣಿಚೀಲ ಹೊದಿಸಿ ಸಾಕಿದೆವು. ನೀರು ಹಾಕುವ ಸರದಿಯನ್ನು ಯಾರೂ ತಪ್ಪಿಸಲಿಲ್ಲ. ನೆಲ ಕಣ್ಣೆದುರೇ ಇರಲೆಂದು ನಿಂಬೆವ್ವ ಬಾಣಂತನವನ್ನು ಅದೇ ಶೆಡ್ಡಿನಲ್ಲಿ ಕಳೆದಳು, ತವರಿಗೂ ಬರಲಿಲ್ಲ, ಗಂಡನ ಮನೆಗೂ ಹೋಗಲಿಲ್ಲ. ಕೂಸಿಗೆ ಮಹಾಂತವ್ವ ಎಂದು ಹೆಸರಿಟ್ಟೆವು. ಹೆಸರನ್ನು ಖಾಜಾಬಿಯೇ ಕೂಸಿನ ಕಿವಿಯಲ್ಲಿ ಹೇಳಿದಳು. ಗೋಣಿ ತೆಗೆದ ದಿನ ನಾನು ಬರಿಗಾಲಲ್ಲಿ ಮೂಲೆಯಿಂದ ಮೂಲೆಗೆ ನಡೆದು ನೋಡಿದೆ. ಕೂದಲೆಳೆಯ ಬಿರುಕೂ ಇಲ್ಲ. ಮೊನ್ನೆ ಹೊಳೆಯ ಆಚೆಯಿಂದ ಬಂದ ಒಬ್ಬ ಹೆಣ್ಣುಮಗಳು ಅಲ್ಲಿ ಎಲ್ಲರಿಗಿಂತ ಮೊದಲು ಹಡೆದಳು. ಜ್ವರ ಬರಲಿಲ್ಲ. ಇವತ್ತು ನಡೆದುಕೊಂಡೇ ಮನೆಗೆ ಹೋದಳು.

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಊರು ಗೊತ್ತಿಲ್ಲ. ಆ ದಿನ ನಿಮಗೆ ಎಷ್ಟು ದಣಿವಾಗಿತ್ತೋ, ಯಾರು ನಿಮಗೆ ಬುತ್ತಿ ತಂದರೋ ತಿಳಿಯದು. ಒಂದೇ ಮಾತು ಕೇಳಿಕೊಳ್ಳುತ್ತೇನೆ. ನೀವು ನೆಲ ಹಾಕುವಾಗಲೂ ಮನೆಯಲ್ಲಿ ಯಾರೋ ನಿಮ್ಮ ದಾರಿ ಕಾಯುತ್ತಿರುತ್ತಾರೆ, ನೋವಿನಲ್ಲೋ ನಲಿವಿನಲ್ಲೋ. ಕೆಲಸ ಮುಗಿದ ಕೂಡಲೇ ಅಲ್ಲಿ ಇಲ್ಲಿ ನಿಲ್ಲದೆ ಅವರ ಹತ್ತಿರ ಹೋಗಿ. ಕೈಯ ಬೂದಿ ಹೋಗದಿದ್ದರೆ ಬಟ್ಟೆ ಸುತ್ತಿಕೊಂಡಾದರೂ ಹೋಗಿ.

ಕೂಸು ಎದ್ದಿತು. ಬರುತ್ತೇನೆ.

ಕಸ್ತೂರೆವ್ವ