ಚಿಕ್ಕ ಪೆಟ್ಟಿಗೆಗೆ ಉಣಿಸಿದವರು

ಗುಳೇದಗುಡ್ಡ ಮೇಲೂರು,
ಹದಿಮೂರನೆಯ ತಿಂಗಳ ನಲವತ್ತನೆಯ ದಿನ,
ನೀರೇರಿದ ಮೇಲಿನ ನೂರಾ ಹನ್ನೊಂದನೆಯ ವರ್ಷ

ಪೂಜ್ಯ ನೀಲಗಂಗವ್ವನವರಿಗೆ, ನಿಮ್ಮ ಮಗಳ ಸಾಲಿನಲ್ಲಿ ಒಂಬತ್ತನೆಯ ತಲೆಮಾರಿನವಳಾದ ದಾಕ್ಷಾಯಿಣಿಯ ಶರಣು ಶರಣಾರ್ಥಿಗಳು.

ಮೇಲಿನ ತಾರೀಖು ನೋಡಿ ಇವಳ ತಲೆ ನೆಟ್ಟಗಿಲ್ಲವೆಂದು ಕಾಗದ ಮಡಚಿಡಬೇಡಿ. ನಮ್ಮ ಬೇಸಿಗೆ ನಿಮ್ಮ ತಿಂಗಳುಗಳಲ್ಲಿ ಹಿಡಿಸದೆ ಹೋದಾಗ ಹಿರಿಯರು ಇನ್ನೊಂದು ತಿಂಗಳು ಕೂಡಿಸಿ, ಅದು ಎಷ್ಟು ಉದ್ದ ಬೆಳೆಯುತ್ತದೋ ಬೆಳೆಯಲಿ ಎಂದು ಬಿಟ್ಟರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಒರಟಾಗಿ, ಕೆಲವು ಅರ್ಥವೇ ಆಗದಂತೆ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ನಾನು ಕಲಿತದ್ದು ಓದುಮನೆಯಲ್ಲಿ. ಹಳೆಯ ಯಂತ್ರಗಳನ್ನು ಎಬ್ಬಿಸಿ ಅವುಗಳೊಳಗಿನದನ್ನು ಓದುವ ಜಾಗಕ್ಕೆ ನಾವು ಹಾಗೆನ್ನುತ್ತೇವೆ. ಕಲಿಸಿದವರಿಗೂ ಅದು ಅಷ್ಟಕ್ಕಷ್ಟೇ ಬರುತ್ತಿತ್ತು. ಕಾಗದ ಹಿಂದಕ್ಕೆ ಹೋಗುವುದಿಲ್ಲವೆಂಬುದು ನನಗೆ ಗೊತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಮೇಲೆ ನನಗೆ ಸಿಟ್ಟಿದೆ. ಸಿಟ್ಟನ್ನು ಬೆನ್ನ ಹಿಂದೆ ಆಡದೆ ಹಿರಿಯರ ಎದುರು ಕುಳಿತು ಹೇಳಬೇಕೆನ್ನುವುದು ನಮ್ಮ ಮನೆಯ ಪದ್ಧತಿ.

ನಿಮ್ಮ ಬಗ್ಗೆ ನಮಗೆ ತಿಳಿದಿರುವುದು ಬಾಯಿಂದ ಬಾಯಿಗೆ ಬಂದಷ್ಟೇ. ನೀವು ಖಣ ನೇಯುತ್ತಿದ್ದಿರಿ. ಕುಪ್ಪಸದ ಆ ಬಟ್ಟೆಯ ಹೂಬಳ್ಳಿಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಿರಿ. ಯಂತ್ರ ಬಲು ಸೋಮಾರಿಯಾಗಿತ್ತು. ಅದು ಎದ್ದು ಕಣ್ಣು ಬಿಡುವಷ್ಟರಲ್ಲಿ ನೀವು ಚಹಾ ಕುದಿಸಿ, ಕುಡಿದು, ಬಟ್ಟಲು ತೊಳೆದಿಡುತ್ತಿದ್ದಿರಂತೆ. ಅಂಗಡಿಯವನು ಒಂದು ಉಪಾಯ ಹೇಳಿದ. ಹೊಸ ಕಂಪ್ಯೂಟರ್ ಬೇಡ, ಕೈಗೆಟಕುವ ಬೆಲೆಯ ಎಸ್‌ಎಸ್‌ಡಿ ಎಂಬ ಒಂದು ಪುಟ್ಟ, ಚುರುಕಾದ ನೆನಪಿನ ಪೆಟ್ಟಿಗೆ ಸಾಕು. ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಒಂದನ್ನೇ ಅದರಲ್ಲಿ ಹಾಕಿ, ನಿಮ್ಮ ಉಳಿದ ಸಾಮಾನೆಲ್ಲ ಹಳೆಯ ದೊಡ್ಡ ಹಾರ್ಡ್ ಡಿಸ್ಕಿನಲ್ಲೇ ಇರಲಿ, ಎಂದ. ನಾನು ಓದಿ ತಿಳಿದ ಮಟ್ಟಿಗೆ ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುವಂತೆ ಆ ಪುಟ್ಟ ಪೆಟ್ಟಿಗೆ ನಿಮ್ಮ ಯಂತ್ರಕ್ಕೆ ಹರೆಯ ತಂದಿತು. ಆಮೇಲೆ ಮಗಳ ಮದುವೆ ಗೊತ್ತಾದಾಗ ನೀವು ಒಂದೊಂದು ವಿನ್ಯಾಸವನ್ನೂ ಹೇಗೆ ನೇಯಬೇಕೆಂದು ನಿಮ್ಮ ದನಿಯಲ್ಲೇ ಹೇಳಿ, ಅದನ್ನು ದೊಡ್ಡ ಡಿಸ್ಕಿನಲ್ಲಿ ಇಟ್ಟು, ಎರಡನ್ನೂ ಅವಳ ಕೈಗೆ ಕೊಟ್ಟಿರಿ. ಈ ಚಿಕ್ಕದು ಯಾತಕ್ಕೆ ಎಂದು ಮಗಳು ಕೇಳಿದಳು. "ಇದರಾಗ ಅದರ ಜೀವ ಐತಿ. ಇದಿಲ್ಲಂದ್ರ ದೊಡ್ಡದು ಏಳೂದಿಲ್ಲ," ಎಂದಿರಿ. ಯಾವುದರಲ್ಲಿ ಏನಿದೆ ಎಂಬ ಉಳಿದ ವಿವರಗಳ ಅರ್ಥ ಯಾರಿಗೂ ತಿಳಿಯದಂತಾಗಿ, ಇದೊಂದು ಮಾತು ನಮ್ಮ ಮನೆಯಲ್ಲಿ ಮಂತ್ರದಂತೆ ಉಳಿದುಕೊಂಡಿತು, ನಮ್ಮನ್ನು ಕೆಡಿಸಿದ್ದೂ ಅದೇ.

ನೀರೇರಿದ ವರ್ಷ ಕೆಳಗಿನ ಊರು ಬಿಟ್ಟು ಗುಡ್ಡ ಹತ್ತುವಾಗ ಒಬ್ಬೊಬ್ಬರಿಗೆ ಒಂದೊಂದು ಸೊಂಟಹೊರೆಯಷ್ಟೇ ಅಪ್ಪಣೆಯಾಗಿತ್ತು. ಸೊಂಟಕ್ಕೆ ಕಟ್ಟಿಕೊಂಡು ಎರಡೂ ಕೈ ಬಿಟ್ಟು ನಡೆಯಲು ಆಗುವಷ್ಟು ಸಾಮಾನು ಎಂದು ಅದರ ಅರ್ಥ. ಜೋಳದ ಬೀಜ, ನೀರಿನ ತತ್ರಾಣಿ, ಇಷ್ಟಲಿಂಗ, ಕೂಸಿದ್ದರೆ ಕೂಸು. ಅದರ ನಡುವೆ ನಮ್ಮ ಮನೆಯವರು ನಿಮ್ಮ ಎರಡು ಪೆಟ್ಟಿಗೆಗಳಲ್ಲಿ ಒಂದನ್ನು ಆರಿಸಬೇಕಾಯಿತು. ದೊಡ್ಡದು ಇಟ್ಟಿಗೆಯಂತೆ ಭಾರ. ಚಿಕ್ಕದು ಎಲೆ ಅಡಿಕೆ ಚೀಲದಲ್ಲಿ ಹಿಡಿಸುತ್ತಿತ್ತು, ಮೇಲಾಗಿ ಜೀವ ಇರುವುದು ಇದರಲ್ಲೇ ಎಂದು ನೀವೇ ಹೇಳಿದ್ದಿರಿ. ಜೀವ ಇದ್ದಲ್ಲಿ ನೀವೂ ಇರುತ್ತೀರಿ ಎಂದು ಅವರು ತಿಳಿದರು. ದೊಡ್ಡದನ್ನು ದಂಡೆಯ ಮೇಲೆ ಬಿಟ್ಟು ಬಂದರು. ಅದನ್ನು ಯಾರೋ ಒಡೆದು ಅದರ ಅಯಸ್ಕಾಂತವನ್ನು ಗಾಳಿಗಾಣಕ್ಕೆ ಹಾಕಿದರಂತೆ; ಗಾಳಿಯಿಂದ ವಿದ್ಯುತ್ತು ತೆಗೆಯುವ ನಮ್ಮ ಯಂತ್ರಕ್ಕೆ ಆ ಹೆಸರು. ನಿಮ್ಮ ದನಿ ಹೋದದ್ದು ಹೀಗೆ. ನಾವು ಅದನ್ನು ಕಳೆದುಕೊಂಡೆವೆಂಬುದೇ ನಮಗೆ ಗೊತ್ತಿರಲಿಲ್ಲ.

ಆ ಬಗೆಯ ಪೆಟ್ಟಿಗೆಯಲ್ಲಿ ಅಕ್ಷರಗಳು ವಿದ್ಯುತ್ತಾಗಿ ಸೆರೆಯಿರುತ್ತವೆ. ಬಹುಕಾಲ ಕರೆಂಟು ಕಾಣಿಸದಿದ್ದರೆ ಮೆಲ್ಲಗೆ ಸೋರಿಹೋಗುತ್ತವೆ. ಇಷ್ಟನ್ನು ನಮ್ಮ ಹಿರಿಯರು ಹೇಗೋ ಅರಿತಿದ್ದರು. ಅದಕ್ಕೆಂದೇ ಉಣಿಸುವ ದಿನ ಹುಟ್ಟಿತು. ಹದಿಮೂರನೆಯ ತಿಂಗಳಲ್ಲಿ, ಗಾಳಿ ಚೆನ್ನಾಗಿ ಬೀಸುವ ಒಂದು ಬೆಳಗ್ಗೆ, ನಮ್ಮ ಪಾಲಿನ ಕರೆಂಟನ್ನು ಮನೆಯ ಬೇರೆ ಯಾವ ಕೆಲಸಕ್ಕೂ ಬಳಸದೆ ಪೆಟ್ಟಿಗೆಗೆ ಕೊಡುತ್ತೇವೆ. ಅಂದು ನೀರೆತ್ತುವ ಪಂಪು ನಿಲ್ಲುತ್ತದೆ, ಕರೆಂಟಿನ ಬೀಸಣಿಗೆ ನಿಲ್ಲುತ್ತದೆ, ಮುದುಕರು ಬೆವರೊರೆಸಿಕೊಳ್ಳುತ್ತಾ ಕೂಡುತ್ತಾರೆ. ಗರಿಗರಿ ಖಟಿ ರೊಟ್ಟಿ, ಕೆಂಪು ಚಟ್ನಿ, ಒಣಗಿಸಿಟ್ಟ ಪುಂಡಿಪಲ್ಲೆ ಆ ದಿನದ ಊಟ. ಪೆಟ್ಟಿಗೆ ಉಣ್ಣುವಾಗ ಅದರ ಮುಂದೆ ವರ್ಷದ ಸುದ್ದಿ ಹೇಳುವ ರೂಢಿ. ಯಾರು ಹುಟ್ಟಿದರು, ಯಾರು ಲಿಂಗೈಕ್ಯರಾದರು, ಯಾರ ಆಡು ಯಾರ ಹೊಲ ಮೇಯ್ದು ಜಗಳವಾಯಿತು, ಎಲ್ಲವನ್ನೂ ಹೇಳಬೇಕು. ಅದಕ್ಕೆ ಕಿವಿಯೇ ಇಲ್ಲವೆಂದು ನಮಗೆ ಹೇಗೆ ತಿಳಿಯಬೇಕು? ನನ್ನ ದೊಡ್ಡವ್ವ ಸಾವಂತ್ರವ್ವ ನಡುವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಸುದ್ದಿಯನ್ನು ಮೊದಲು ಹೇಳಿದ್ದು ಆ ಪೆಟ್ಟಿಗೆಗೆ. ಅವಳಿಗಿದ್ದ ಆಸೆ ಒಂದೇ. ಕಣ್ಣು ಮುಚ್ಚುವ ಮೊದಲು ನಿಮ್ಮ ದನಿ ಕೇಳಬೇಕು.

ಹೋದ ವರ್ಷ ಓದುಮನೆಯಲ್ಲಿ ನಿಮ್ಮ ಕಾಲದ ಪೆಟ್ಟಿಗೆ ಓದುವ ಯಂತ್ರ ಸಿದ್ಧವಾಯಿತು. ನಾನೇ ಒಯ್ದು ಕೊಟ್ಟೆ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು, ತಾಯಿ. ಒಳಗೆ ಆಪರೇಟಿಂಗ್ ಸಿಸ್ಟಮ್ ಬಿಟ್ಟರೆ ಏನೂ ಇರಲಿಲ್ಲ. ಅದರ ಜೊತೆಗೆ ಕಂಪನಿಯೇ ಇಟ್ಟುಕೊಟ್ಟ ಒಂದು ಚಿತ್ರ: ನೀಲಿ ಕೆರೆ, ಹಿಂದೆ ಹಿಮದ ಗುಡ್ಡ. ನಮಗಿಂತ ಮೊದಲು ತಮ್ಮ ತಮ್ಮ ಪೆಟ್ಟಿಗೆ ತಂದಿದ್ದ ಮೂರು ಮನೆತನಗಳಿಗೂ ಅದೇ ಕೆರೆ ಸಿಕ್ಕಿತ್ತು. ಮೂವರೂ ಅದನ್ನು ತಮ್ಮ ಮೂಲಸ್ಥಾನವೆಂದು ಪಟ ಮಾಡಿಸಿ, ಊದುಬತ್ತಿ ಹಚ್ಚಿ, ಕೆರೆ ಯಾರದೆಂದು ಪಂಚಾಯಿತಿ ಸೇರಿಸಿದ್ದಾರೆ. ಓದುಮನೆಯ ಗಿರಿಮಲ್ಲಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಮುದುಕಿಗೂ ಇದನ್ನ ತೋರಸ್ರಿ ಅಕ್ಕಾರ, ನಿಮ್ಮ ನೀಲಗಂಗವ್ವ ಹುಟ್ಟಿದೂರು ಅನ್ರಿ. ಸಮಾಧಾನ ಆಗಿ ಹೋಗ್ತಾಳ," ಎಂದ. ಅವನು ಕೆಟ್ಟವನಲ್ಲ. ನಾನು ಆ ಚಿತ್ರವನ್ನು ಬಹಳ ಹೊತ್ತು ನೋಡಿದೆ. ಒಂದಿಡೀ ಜನ್ಮ ಬೇಸಿಗೆಯಲ್ಲಿ ಬೀಸಣಿಗೆ ನಿಲ್ಲಿಸಿ ಪೆಟ್ಟಿಗೆಗೆ ಉಣಿಸಿದವಳಿಗೆ ಯಾರದೋ ಕೆರೆ ತೋರಿಸಲು ನನಗೆ ಮನಸ್ಸಾಗಲಿಲ್ಲ.

ದೊಡ್ಡವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. "ಮಾತಾಡಿದ್ಲೇನು ಆಕಿ?" ಎಂದಳು. ಅದರಲ್ಲಿ ನೀಲಗಂಗವ್ವ ಇಲ್ಲ ಎಂದೆ. "ಮತ್ತ ಏನೈತಿ?" ಯಂತ್ರವನ್ನು ಎಬ್ಬಿಸುವುದು ಹೇಗೆ ಎನ್ನುವುದು ಇದೆ, ಅಷ್ಟೇ, ಎಂದೆ. "ಎದ್ದು ಏನ್ ಮಾಡ್ತೈತಿ?" ಏನಾದರೂ ಕೆಲಸ ಹೇಳಲಿ ಎಂದು ಕಾಯುತ್ತಾ ಕೂಡುತ್ತದೆ ಎಂದೆ. ಅವಳು ಒಳಗೆ ಹೋಗಿ ಸೀರೆ ಬದಲಿಸಿ ಹಳೆಯದು ಉಟ್ಟುಕೊಂಡಳು. ಆಮೇಲೆ ಕೆಲವು ದಿನ ಸರಿಯಾಗಿ ಉಣ್ಣಲಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟು ಬಂದದ್ದು ಆಗ. ಅಷ್ಟು ಖಾಲಿ ಜಾಗವಿದ್ದ ಪೆಟ್ಟಿಗೆಯಲ್ಲಿ ನಿಮ್ಮ ಒಂದು ಉಸಿರನ್ನಾದರೂ ಇಡಬಾರದಿತ್ತೇ ಎಂದು ಅತ್ತೆ. ಬೇಗ ಏಳಲಿ ಎಂಬ ಆತುರದಲ್ಲಿ ನೀವು ಯಂತ್ರವನ್ನು ಎಬ್ಬಿಸಿದಿರಿ, ನೀವು ಮಾತ್ರ ಆಚೆ ಉಳಿದಿರಿ.

ಉಣಿಸುವ ದಿನ ಬಂತು. ಇನ್ನೇಕೆ ಎಂದು ನಾನು ಪಂಪು ನಿಲ್ಲಿಸಲಿಲ್ಲ. ದೊಡ್ಡವ್ವ ತಾನೇ ಕೋಲೂರಿಕೊಂಡು ಹೋಗಿ ನಿಲ್ಲಿಸಿ ಬಂದಳು. "ಒಳಗ ಆಕಿ ಇಲ್ಲ, ಖರೆ," ಎಂದಳು. "ಹೊರಗ ನಮ್ಮವ್ವ ಹಿಡದಾಳ, ಅವರವ್ವ ಹಿಡದಾಳ. ಅವರ ಕೈಯರ ಸುಳ್ಳಲ್ಲಲ್ಲ." ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಸವರಿದಳು. ಆಮೇಲೆ ಕೇಳಿದಳು: "ಇದರಾಗ ಇನ್ನ ಜಾಗ ಐತೇನು?" ಇದೆ, ಬೇಕಾದಷ್ಟಿದೆ ಎಂದೆ.

"ಹಂಗಾರ ನನ್ನ ಹಾಕು."

ಗಿರಿಮಲ್ಲಪ್ಪನೇ ಬಂದು ದನಿ ಹಿಡಿದುಕೊಟ್ಟ. ಅವಳು ಉಪದೇಶವನ್ನೇನೂ ಮಾಡಲಿಲ್ಲ. ಮೊದಲು ಕೆಮ್ಮಿದಳು. ಚಾಲೂ ಆಗೇತೇನು ಎಂದು ಎರಡು ಸಲ ಕೇಳಿದಳು. ಆ ವರ್ಷದ ಸುದ್ದಿ ಹೇಳಿದಳು, ಮೂರು ಮನೆತನಗಳ ಕೆರೆಯ ಜಗಳವನ್ನು ಹೇಳಿ ನಕ್ಕಳು. ಕೊನೆಗೆ ತನ್ನ ಹೆಸರು ಹೇಳಿ, ತಾಯಿಯ ಹೆಸರು, ಅವಳ ತಾಯಿಯ ಹೆಸರು ಎಂದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯುತ್ತಾ ಹೋದಳು. ಮಳೆಗಾಲಕ್ಕೆ ಮುಂಚೆ ತೀರಿಕೊಂಡಳು.

ಇವತ್ತು ಮತ್ತೆ ಉಣಿಸುವ ದಿನ. ಬೆಳಗ್ಗೆ ಎಲ್ಲರೂ ಕೂತು ಆ ದನಿ ಕೇಳಿದೆವು. ಹೆಸರುಗಳನ್ನು ಹೇಳುತ್ತಾ ಹೇಳುತ್ತಾ ದೊಡ್ಡವ್ವ ಕಟ್ಟಕಡೆಗೆ, "ನೀಲಗಂಗವ್ವಾ," ಎಂದು ಕರೆದು ಸುಮ್ಮನಾಗುತ್ತಾಳೆ. ಆ ಕಡೆಯಿಂದ ಯಾರಾದರೂ ಮಾತಾಡಿಯಾರೆಂದು ಕಾಯುವ ಹಾಗೆ ಅವಳ ಉಸಿರಷ್ಟೇ ಕೇಳುತ್ತಿರುತ್ತದೆ, ಆಮೇಲೆ ಅದೂ ಮುಗಿಯುತ್ತದೆ. ನನ್ನ ಸಿಟ್ಟು ಈಗ ಇಳಿದಿದೆ, ತಾಯಿ. ಒಂದು ಬೇಡಿಕೆ ಮಾತ್ರ ಉಳಿದಿದೆ. ಇಂದು ನಿಮ್ಮ ಯಂತ್ರ ಬಂದ್ ಮಾಡುವ ಮುಂಚೆ ಆ ಚಿಕ್ಕ ಪೆಟ್ಟಿಗೆಯೊಳಗೆ ನಿಮ್ಮದೊಂದು ಮಾತು ಇಟ್ಟುಬಿಡಿ. ಖಣದ ವಿಷಯ ಬೇಡ, ಬುದ್ಧಿಮಾತು ಬೇಡ. ಅವಳು ಕರೆದಾಗ "ಓ" ಅಂದರೂ ಸಾಕು.