ಎಡ ರೆಕ್ಕೆಯ ಆರು ತೂತು

ಭಾವನವರಿಗೆ ನಮಸ್ಕಾರಗಳು.

ನಿಮ್ಮ ತಮ್ಮ ಶೆಡ್ಡಿನಲ್ಲಿ ಕಟ್ಟುತ್ತಿದ್ದ ವಿಮಾನಕ್ಕೆ ಅಲ್ಯೂಮಿನಿಯಂ ರೆಕ್ಕೆಗಳು ಕೂತಿವೆ. ಅವರು ಹೊರಗಿನಿಂದ ತಗಡು ಬೆಸೆಯುವ ರಿವೆಟ್ ಮೊಳೆ ಹೊಡೆಯುವಾಗ ಒಳಗೆ ಕೈ ತೂರಿಸಿ ಕಬ್ಬಿಣದ ಗಟ್ಟಿ ಒತ್ತಿಹಿಡಿದವಳು ನಾನೇ. ಅವರ ಡ್ರಿಲ್ ಅತ್ತಿತ್ತ ಓಲಾಡಿ ಎಡ ರೆಕ್ಕೆಯ ಬುಡದಲ್ಲಿ ಆರು ತೂತು ಹಿಗ್ಗಿಹೋದವು. ಅಲ್ಲಿ ರಿವೆಟ್ಟುಗಳು ಬಿಗಿಯಾಗಿ ಕೂತಿಲ್ಲ. “ಬಿಚ್ಚಿ ಬೇರೆ ತಗಡು ಹಾಕೋಣ” ಎಂದೆ. “ಬಣ್ಣ ಹಚ್ಚಿದ್ಮೇಲೆ ಯಾರ ಕಣ್ಣಿಗೆ ಬೀಳುತ್ತೆ? ನೀನು ಬಾಯಿ ಮುಚ್ಕೊಂಡಿರು” ಎಂದರು. ಮುಚ್ಚಿಕೊಂಡೆ. ಹಾರಾಟಕ್ಕೆ ಅನುಮತಿ ಕೊಡುವ ಪರೀಕ್ಷಕರು ಬಂದು ರೆಕ್ಕೆಯನ್ನು ಸವರಿ, ಹೊಗಳಿ, ಸಹಿ ಹಾಕಿ ಹೋದರು.

ಭಾನುವಾರ ಬೆಳಿಗ್ಗೆ ಮೊದಲ ಹಾರಾಟ. ದಯವಿಟ್ಟು ಶನಿವಾರವೇ ಬನ್ನಿ. ಆ ರಿವೆಟ್ಟು ಬಿಚ್ಚಲು ಡ್ರಿಲ್ ತನ್ನಿ, ನಮ್ಮದನ್ನು ನಿಮ್ಮ ತಮ್ಮ ಬೀಗ ಹಾಕಿಟ್ಟಿದ್ದಾರೆ. ಅವರು ಹೆದರುವುದಿದ್ದರೆ ನಿಮಗೊಬ್ಬರಿಗೇ. ನಾನು ಬರೆದೆನೆಂದು ಮಾತ್ರ ಹೇಳಬೇಡಿ.

ಪಕ್ಕದ ಸೀಟಿನಲ್ಲಿ ಮಗಳನ್ನು ಕೂರಿಸುತ್ತೇನೆಂದು ಹಟ ಹಿಡಿದಿದ್ದರು. ನನ್ನ ಅಮ್ಮನಿಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ ಮಗಳನ್ನು ನನ್ನ ತವರಿಗೆ ಕಳಿಸಿದೆ. “ಹಾಗಾದ್ರೆ ನೀನೇ ಬಾ” ಎಂದರು. ಒಪ್ಪಿದರೆ ಅವರೇ ಅಳುಕಿ ಹಿಂದೆ ಸರಿಯುತ್ತಾರೆಂದುಕೊಂಡು, ಆಗಲಿ ಎಂದೆ.

ಅವರು ಟೇಪು ತಂದು ನನ್ನ ಸೊಂಟಕ್ಕೆ ಸೀಟ್ ಬೆಲ್ಟಿನ ಅಳತೆ ತೆಗೆದುಕೊಂಡರು.

ಇಂತಿ,
ನಿಮ್ಮ ತಮ್ಮನ ಹೆಂಡತಿ