ಸೂಜಿಯ ರೋಲರ್

೧೨ ನವೆಂಬರ್ ೨೦೦೯, ಗುರುವಾರ, ಬಂಟ್ವಾಳ

ಹೊಟ್ಟೆಯ ಉರಿ ಇನ್ನೂ ನಿಂತಿಲ್ಲ. ನೈಟಿಯ ಬಟ್ಟೆ ತಾಗಿದರೂ ಚುರುಕ್ ಎನ್ನುತ್ತದೆ.

ಸೌದಿಯ ಜುಬೈಲಿನಿಂದ ಇವರು ಗೆಳೆಯ ಅನ್ಸಾಫನ ಕೈಯಲ್ಲಿ ಕಳಿಸಿದ ಸಾಮಾನಿನಲ್ಲಿ, ಹಾಲಿನ ಪುಡಿ, ಅತ್ತರುಗಳ ನಡುವೆ, ಚರ್ಮದ ಮೇಲೆ ಉರುಳಿಸುವ, ಮೈತುಂಬ ಸಣ್ಣ ಸೂಜಿಗಳಿರುವ ಆ ರೋಲರ್ ಇತ್ತು. ಚೀಟಿ ಇರಲಿಲ್ಲ. ಡಬ್ಬಿಯ ಮೇಲೆ ಹೆರಿಗೆಯ ಗೆರೆ ಬಿದ್ದ ಹೊಟ್ಟೆಯ ಚಿತ್ರ. ಪಾಪು ಹುಟ್ಟಿದ ಮೇಲೆ ಇವರು ನನ್ನನ್ನು ಕಂಡೇ ಇಲ್ಲ. ಹಾಗಾದರೆ ನನಗೂ ಆ ಗೆರೆಗಳಿವೆ ಎಂದು ಹೇಳಿದ್ದು ಯಾರು? ಹೆತ್ತ ಉಮ್ಮ ಇಲ್ಲದ ನನ್ನನ್ನು ನಲವತ್ತು ದಿನ ಎಣ್ಣೆ ಹಚ್ಚಿ ಮೀಯಿಸಿದ ಮಾಮಿ, ಇವರ ತಾಯಿ, ಒಬ್ಬರೇ ಈ ಹೊಟ್ಟೆ ನೋಡಿದವರು.

ಸಿಟ್ಟಿನಲ್ಲಿ ಮೂರು ದಿನ ಬಾಗಿಲು ಹಾಕಿ ಹೊಟ್ಟೆಯ ಮೇಲೆ ಆ ಸೂಜಿ ಉರುಳಿಸಿದೆ. ಮಾಮಿಯ ಜೊತೆ ಮಾತು ಬಿಟ್ಟೆ. ಇಂದು ಅವರ ಚಹಾದ ಗ್ಲಾಸನ್ನು ಕುಟ್ಟಿ ಇಟ್ಟೆ. "ತಲೆನೋವು ಉಂಟಾ ಮಗಳೇ?" ಎಂದಷ್ಟೇ ಕೇಳಿದರು.

ಸಂಜೆ ಇವರ ಫೋನ್ ಬಂತು.

"ಆ ರೋಲರ್ ಜಾಗ್ರತೆ ತೆಗೆದಿಡು ಆಯ್ತಾ. ಅದು ನನ್ನ ತಲೆಗೆ, ಕೂದಲು ಬರ್ತದಂತೆ. ನಾನು ಬರುವಾಗ ಲಗೇಜ್ ತೂಕ ಹೆಚ್ಚಾಗ್ತದೆ ಅಂತ ಮೊದಲೇ ಕಳಿಸಿದ್ದು. ನನ್ನ ನೆತ್ತಿ ನೋಡಿ ನಗಬೇಡ ಮಾರಾಯ್ತಿ."

ಆಮೇಲೆ ಡಬ್ಬಿ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಬೋಳು ತಲೆಯ ಚಿತ್ರ.

ಮಾಮಿ ಯಾರಿಗೂ ಏನೂ ಹೇಳಿರಲಿಲ್ಲ. ಈಗ ನೋಡಿದರೆ ನನ್ನ ದಿಂಬಿನ ಬಳಿ ತಲೆನೋವಿನ ಬಾಮ್ ಇಟ್ಟು ಹೋಗಿದ್ದಾರೆ.

ಇವರಿಗೆ ಏನೂ ಗೊತ್ತಿಲ್ಲ ಎಂದರೆ ನನಗೆ ಸಮಾಧಾನ ಆಗಬೇಕಿತ್ತು. ಆಗುತ್ತಿಲ್ಲ. ಭಾನುವಾರ ಬರುತ್ತಾರೆ. ತಮ್ಮ ನೆತ್ತಿಯ ಮಾತನ್ನು ಎಷ್ಟು ಸಲೀಸಾಗಿ ಹೇಳಿಬಿಟ್ಟರು. ನಾನು ಮಾತ್ರ ಫೋನಿನಲ್ಲಿ, ಆ ಡಬ್ಬಿಯನ್ನು ಬಿಚ್ಚಿಯೇ ಇಲ್ಲ ಎಂದೆ.